ಗುಳಿಗೆ ಬಂತು, ಕೇಳುವ ಕಿವಿ ತಡವಾಯಿತು

ತುಂಗಭದ್ರೆಯ ಈ ದಂಡೆಗೆ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕು, ಆ ದಂಡೆಗೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ. ಹಳ್ಳಿಯವರ ಮನೋರೋಗಕ್ಕೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗಬೇಕೆಂದು ಬೆಂಗಳೂರಿನ ನಿಮ್ಹಾನ್ಸ್ 1985ರಿಂದ 1990ರವರೆಗೆ ಪ್ರಯೋಗ ನಡೆಸಿದ್ದು ಆ ಬಳ್ಳಾರಿ ಜಿಲ್ಲೆಯಲ್ಲೇ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆ ತಿರುಗುವ ಆರೋಗ್ಯ ಸಹಾಯಕರಿಗೂ ತರಬೇತಿ ಕೊಟ್ಟ ‘ಬಳ್ಳಾರಿ ಮಾದರಿ’ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಪಾಯವಾಯಿತು. ಆಗ ಗಮನವೆಲ್ಲ ಇದ್ದದ್ದು ಚಿತ್ತವಿಕಲತೆ, ಮೂರ್ಛೆರೋಗದಂಥ ಕಾಯಿಲೆಗಳ ಮೇಲೆ. ಗುಳಿಗೆಗೆ ಬಗ್ಗುವ ರೋಗ ಮೊದಲು ಎಂಬ ಲೆಕ್ಕ ಆ ಕಾಲಕ್ಕೆ ತಪ್ಪೂ ಅಲ್ಲ. ಮನಸ್ಸಿಗೆ ಬಿದ್ದ ಪೆಟ್ಟಿನ ಸರದಿ ಮಾತ್ರ ಹಿಂದೆ ಉಳಿಯಿತು.

ಹೊರಗಿನ ಜಗತ್ತೂ ಈ ಪೆಟ್ಟನ್ನು ಗುರುತಿಸಲು ಕಲಿತದ್ದು ನಿಧಾನವಾಗಿಯೇ. ಮೊದಲ ಮಹಾಯುದ್ಧದ ಸೈನಿಕರ ನಡುಕವನ್ನು ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ 1915ರಲ್ಲಿ ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದರು. ಆಘಾತೋತ್ತರ ಒತ್ತಡದ ಕಾಯಿಲೆಗೆ ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 1980ರಲ್ಲಿ.

ಭಾರತಕ್ಕೆ ಪಾಠ ಹೇಳಿದ್ದು ದುರಂತಗಳು. 1984ರ ಭೋಪಾಲ್ ಅನಿಲ ದುರಂತದ ನಂತರ ನಿಮ್ಹಾನ್ಸ್‌ನ ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಮಾನಸಿಕ ಆರೈಕೆಯ ತರಬೇತಿ ಕೊಟ್ಟರು. 2001ರ ಗುಜರಾತ್ ಭೂಕಂಪ, 2004ರ ಸುನಾಮಿಯ ಹೊತ್ತಿಗೆ ಅದೇ ಕೆಲಸ ಊರಿನ ಸ್ವಯಂಸೇವಕರವರೆಗೂ ಇಳಿದಿತ್ತು. 2009ರ ನೆರೆ ರಾಯಚೂರು ಜಿಲ್ಲೆಯನ್ನೇ ತೊಯ್ದಾಗ ಸಂತ್ರಸ್ತರಿಗೆಂದು ಕಟ್ಟಿದ ‘ಆಸರೆ’ ಮನೆಗಳ ಲೆಕ್ಕ ನಡೆದಷ್ಟು ಜೋರಾಗಿ ನಿದ್ದೆಗೆಟ್ಟವರ ಲೆಕ್ಕ ನಡೆಯಲಿಲ್ಲ.

ಈ ನಡುವೆ ಇನ್ನೊಂದು ವಿಚಾರ ಬಲಿಯುತ್ತಿತ್ತು. ಬಾಲ್ಯದ ಹಿಂಸೆ, ನಿರ್ಲಕ್ಷ್ಯಗಳಿಗೂ ನಡುವಯಸ್ಸಿನ ಹೃದಯರೋಗ, ಕುಡಿತ, ಖಿನ್ನತೆಗಳಿಗೂ ನಂಟಿದೆ ಎಂದು ಅಮೆರಿಕದ ವೈದ್ಯರಾದ ಫೆಲಿಟಿ ಮತ್ತು ಆಂಡಾ 1998ರಲ್ಲಿ ತೋರಿಸಿದರು. 2001ರಲ್ಲಿ ಅಲ್ಲಿನ ಮನಶ್ಶಾಸ್ತ್ರಜ್ಞರಾದ ಹ್ಯಾರಿಸ್ ಮತ್ತು ಫಾಲಟ್ ಮುಂದಿಟ್ಟ ವಾದ ಸರಳ: ಆಘಾತದ ಅರಿವು ತಜ್ಞರ ಕೋಣೆಯಲ್ಲಷ್ಟೇ ಇದ್ದರೆ ಸಾಲದು, ಚೀಟಿ ಬರೆಯುವ ಗುಮಾಸ್ತನಿಗೂ ಇರಬೇಕು. ಬಂದವರ ಗಾಯ ಮತ್ತೆ ಕೆದಕದಂತೆ ಇಡೀ ಸಂಸ್ಥೆ ನಡೆದುಕೊಳ್ಳಬೇಕು.

ಸಿಂಧನೂರಿನ ಸುತ್ತ ಈ ಮಾತಿಗೆ ತೂಕ ಹೆಚ್ಚು. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಕುಟುಂಬಗಳನ್ನು ತಾಲ್ಲೂಕಿನ ಪುನರ್ವಸತಿ (ಆರ್.ಎಚ್.) ಕ್ಯಾಂಪುಗಳಲ್ಲಿ ನೆಲೆಗೊಳಿಸಿ ಅರ್ಧ ಶತಮಾನ ಕಳೆದಿದೆ. ಜಮೀನು ಸಿಕ್ಕಿತು, ಭತ್ತ ಬೆಳೆದರು, ಪೌರತ್ವದ ಅಳುಕು ಮಾತ್ರ ಮೊಮ್ಮಕ್ಕಳವರೆಗೂ ಬಂತು. ದೇಶ ವಿಭಜನೆಯ ಮಾನಸಿಕ ಪರಿಣಾಮದ ಬಗ್ಗೆ ನಿಮ್ಹಾನ್ಸ್‌ನ ಸಂಜೀವ್ ಜೈನ್ ಮತ್ತು ದೆಹಲಿಯ ಅಲೋಕ್ ಸರೀನ್ ಸಂಪಾದಿಸಿದ ಪುಸ್ತಕ ಬಂದದ್ದೇ 2018ರಲ್ಲಿ.

ಇನ್ನು ರೈತ ಆತ್ಮಹತ್ಯೆಯ ಮನೆ. 2015ರಲ್ಲಿ ಸರ್ಕಾರ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಅದು ಕೈಗೆ ಬರಬೇಕಾದರೆ ಎಫ್‌ಐಆರ್, ಮರಣೋತ್ತರ ವರದಿ, ಪಹಣಿ, ಸಾಲದ ಕಾಗದ ಎಲ್ಲ ಕೂಡಬೇಕು. ಗಂಡ ಹೇಗೆ ಸತ್ತ, ಕುಡೀತಿದ್ದನಾ, ಮನೆಯಲ್ಲಿ ಜಗಳ ಇತ್ತಾ ಎಂಬ ಪ್ರಶ್ನೆಗಳಿಗೆ ಹೆಂಗಸು ಠಾಣೆಯಲ್ಲಿ ಒಮ್ಮೆ, ಕೃಷಿ ಇಲಾಖೆಯಲ್ಲಿ ಒಮ್ಮೆ, ತಹಶೀಲ್ದಾರರ ಮುಂದೆ ಮತ್ತೊಮ್ಮೆ ಉತ್ತರಿಸಬೇಕು. ಮುಂದೆ ಆಕೆ ತಾಲ್ಲೂಕು ಆಸ್ಪತ್ರೆಗೆ ಬಂದರೆ ಹೇಳುವುದು ದುಃಖವನ್ನಲ್ಲ: “ಎದಿ ಧಡಧಡ ಅಂತದ, ಕೈಕಾಲು ಸೆಳಿತಾವ, ನಿದ್ದಿ ಹತ್ತಂಗಿಲ್ಲರಿ.” ಸಾಲು ಉದ್ದವಿರುವ ದಿನ ಆಕೆಗೆ ಸಿಗುವುದು ನೋವಿನ ಗುಳಿಗೆ, ಶಕ್ತಿಯ ಇಂಜೆಕ್ಷನ್. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕರೆತರುವ ‘ಮನೋಚೈತನ್ಯ’ ಯೋಜನೆ ಒಳ್ಳೆಯದೇ. ಆದರೆ ಎದೆಬಡಿತದ ಹಿಂದಿನ ಸಾವನ್ನು ಯಾರಾದರೂ ಮೊದಲು ಕೇಳಿ ತಿಳಿದರಷ್ಟೇ ಆಕೆ ಆ ಬಾಗಿಲಿಗೆ ತಲುಪುತ್ತಾಳೆ.

ಕಾನೂನಿಗೆ ಈ ಸೂಕ್ಷ್ಮ ಗೊತ್ತಿಲ್ಲದೇ ಇಲ್ಲ. 2012ರ ಪೋಕ್ಸೊ ಕಾಯ್ದೆ ಮಗುವಿನ ಹೇಳಿಕೆಯನ್ನು ಸಮವಸ್ತ್ರ ತೊಟ್ಟು ಪಡೆಯಬಾರದು, ಸಾಕ್ಷ್ಯಕ್ಕೆ ಪದೇಪದೇ ಕರೆಸಬಾರದು ಎನ್ನುತ್ತದೆ. ಅತ್ಯಾಚಾರ ಸಂತ್ರಸ್ತೆಯ ‘ಎರಡು ಬೆರಳಿನ ಪರೀಕ್ಷೆ’ ಆಕೆಯ ಘನತೆಗೆ ಧಕ್ಕೆ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಆರೈಕೆ ಕೊಡಬೇಕೆಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ನಿಯಮ.

ಮಗುವಿಗೆ ಸಿಕ್ಕ ರಿಯಾಯಿತಿ ರೈತನ ಹೆಂಡತಿಗೂ ಸಿಗಲಿ. ಆಕೆಯ ಹೇಳಿಕೆಯನ್ನು ಬಾಗಿಲಿರುವ ಕೋಣೆಯಲ್ಲಿ, ಕುರ್ಚಿ ಕೊಟ್ಟು, ಮಹಿಳಾ ಸಿಬ್ಬಂದಿ ಒಮ್ಮೆ ಬರೆದುಕೊಂಡು ಉಳಿದ ಕಚೇರಿಗಳಿಗೆ ಪ್ರತಿ ಕಳಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಅಲ್ಲಿಯವರೆಗೆ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.