ಹಿಡಿಗೊಂದು ಕಾಲ, ಅಲಗಿಗೊಂದು ಕಾಲ: ಕಾಫಿ ಸೀಮೆಯ ಹಳೆಯ ಕತ್ತಿಗಳನ್ನು ಗುರುತಿಸುವ ಬಗೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯಲ್ಲಿ ಆಯುಧಪೂಜೆಗೆ ಹೊರತೆಗೆಯುವ ಹಳೆಯ ಕತ್ತಿಯ ಬಗ್ಗೆ ವಿಚಾರಿಸಿದರೆ ‘ಪಾಳೆಯಗಾರರ ಕಾಲದ್ದು’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಆದರೆ ಒಂದು ಕತ್ತಿಗೆ ಒಂದೇ ಕಾಲ, ಒಂದೇ ಊರು ಇರಬೇಕೆಂದೇನಿಲ್ಲ. ಹಿಡಿ, ಅಲಗು, ಮೇಲ್ಮೈ ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು ಎಂಬುದು ಈ ಟಿಪ್ಪಣಿಯ ವಾದ.

ಆಕಾರದ ಕಾಲನಿರ್ಣಯಕ್ಕೆ ಮೊದಲ ಆಸರೆ ವೀರಗಲ್ಲು. ಆಗ ಕಡೂರು ಜಿಲ್ಲೆಯೆನಿಸಿದ್ದ ಈ ಸೀಮೆಯ ಶಾಸನಗಳನ್ನು ಶಾಸನತಜ್ಞ ಬಿ. ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ 6ನೆಯ ಸಂಪುಟವಾಗಿ 1901ರಲ್ಲಿ ಹೊರತಂದರು. ತೇದಿಯುಳ್ಳ ವೀರಗಲ್ಲಿನ ಕತ್ತಿಯಿಂದ ಆ ಆಕಾರ ಅಂದಿನ ಶಿಲ್ಪಿಗೆ ಪರಿಚಿತವಾಗಿತ್ತು ಎಂದಷ್ಟೇ ಹೇಳಬಹುದು. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮದೊಂದಿಗೆ ಹೆಣೆದುಕೊಂಡ, ಹೊಯ್ಸಳರ ಮೂಲಪುರುಷ ಸಳನ ಐತಿಹ್ಯ ಈ ಎಚ್ಚರವನ್ನು ಕಲಿಸುತ್ತದೆ: ಹುಲಿಯನ್ನು ಹೊಡೆಯಲು ಮುನಿ ಅವನಿಗೆ ಕೊಟ್ಟದ್ದು ಬೆತ್ತವೆನ್ನುವ ಪಾಠವಿದೆ, ಬೇಲೂರಿನ ಲಾಂಛನಶಿಲ್ಪದಲ್ಲಿ ಸಳನ ಕೈಯಲ್ಲಿರುವುದು ಕತ್ತಿ.

ಹಿಡಿಯ ಸಾಕ್ಷ್ಯ ಇನ್ನೂ ಜಾರು. ತಲವಾರ್ ಬಗೆಯ ಕಬ್ಬಿಣದ ಹಿಡಿಯ ಒಳಗು ಟೊಳ್ಳು. ಅಲಗಿನ ಬಾಲವನ್ನು ಅದರೊಳಗೆ ತೂರಿಸಿ ಅರಗಿನಿಂದ ಬಿಗಿಯುತ್ತಿದ್ದರು. ಕಾಸಿದರೆ ಹಳೆಯ ಅಲಗು ಕಳಚಿ ಬೇರೊಂದು ಕೂರುತ್ತದೆ. ಯುರೋಪಿನಿಂದ ಹಡಗಿನಲ್ಲಿ ಬಂದ ಅಲಗುಗಳು ದೇಶಿ ಹಿಡಿ ಸೇರಿ ಫಿರಂಗಿ ಕತ್ತಿಗಳಾದವು. ಅವುಗಳ ಮುದ್ರೆಗಳನ್ನು ಇಲ್ಲಿನ ಕಮ್ಮಾರರೂ ನಕಲು ಮಾಡಿದ್ದರಿಂದ, ರೋಮನ್ ಅಕ್ಷರ ಕಂಡ ಮಾತ್ರಕ್ಕೆ ಅಲಗು ಜರ್ಮನಿಯ ಸೋಲಿಂಗೆನ್‌ನದೆಂದು ತೀರ್ಮಾನಿಸಲಾಗದು. ನೆರೆಯ ಕೊಡಗಿನ ಒಡಿಕತ್ತಿಯ ಗುರುತು ಮಾತ್ರ ಸ್ಪಷ್ಟ: ಅಗಲವಾದ, ಮುಂದಕ್ಕೆ ಬಾಗಿದ, ಒಂದೇ ಬಾಯಿಯ ಅಲಗು, ಒರೆಯಿಲ್ಲದೆ ಬೆನ್ನಹಿಂದಿನ ತೊಡಂಗ್ ಎಂಬ ಕೊಂಡಿಗೆ ಸಿಕ್ಕಿಸುವ ರೂಢಿ.

ಅಲಗಿನ ಒಳಹೆಣಿಗೆಯನ್ನು ಓದಲು ಟಿಬೆಟಿನ ಕತ್ತಿ ಒಳ್ಳೆಯ ಮಾದರಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2006ರಲ್ಲಿ ಏರ್ಪಡಿಸಿದ ಪ್ರದರ್ಶನಕ್ಕಾಗಿ ಡೊನಾಲ್ಡ್ ಲಾರೊಕ್ಕ ಇವುಗಳನ್ನು ವಿವರವಾಗಿ ದಾಖಲಿಸಿದರು. ಗಟ್ಟಿ, ಮೆದು ಕಬ್ಬಿಣದ ಪಟ್ಟಿಗಳನ್ನು ಬೆಸೆದು ಮಡಿಚಿದ ಕಾರಣ ನೇರ ಅಲಗಿನುದ್ದಕ್ಕೂ ಕಪ್ಪು, ಬಿಳಿ ಗೆರೆಗಳು ಓಡಿ, ಮೊನೆಯ ಬಳಿ ಹೇರ್‌ಪಿನ್ನಿನಂತೆ ತಿರುಗುತ್ತವೆ. ನಮ್ಮ ಮೂಸೆಯ ಉಕ್ಕಿನಲ್ಲಿ ಇಂಥ ಬೆಸುಗೆಯಿಲ್ಲ. ಮೂಸೆಯಲ್ಲಿ ಕರಗಿದ ಉಕ್ಕಿನ ಗಟ್ಟಿ ತಣಿಯುವಾಗ ಮೂಡಿದ ಹರಳಿನ ರಚನೆಯೇ ಬಡಿತದ ನಂತರ ಸಣ್ಣ, ತುಂಡು ತುಂಡಾದ ಅಲೆವಿನ್ಯಾಸವಾಗುತ್ತದೆ. ಮೈಸೂರು ಸೀಮೆಯ ಕಬ್ಬಿಣ, ಉಕ್ಕಿನ ಕುಲುಮೆಗಳನ್ನು ಬ್ರಿಟಿಷ್ ಸರ್ವೇಕ್ಷಕ ಬುಕಾನನ್ ತನ್ನ 1800–01ರ ಪ್ರವಾಸದಲ್ಲಿ ವರ್ಣಿಸಿದ್ದಾನೆ.

ಮಲೆನಾಡಿನ ತೊಡಕು ಮೇಲ್ಮೈಯದು. ಮಳೆಗಾಲದ ತುಕ್ಕನ್ನು ಹುಣಸೆಹುಳಿ, ಇಟ್ಟಿಗೆಪುಡಿಗಳಿಂದ ತಿಕ್ಕಿ ತೆಗೆದಾಗ ಆಳವಿಲ್ಲದ ಮುದ್ರೆ, ಬೆಳ್ಳಿಯ ಕುಸುರಿ, ಉಕ್ಕಿನ ವಿನ್ಯಾಸ ಎಲ್ಲವೂ ಸವೆಯುತ್ತವೆ. ಹಾಗಾಗಿ ಹೊಳೆಯುವ ಅಲಗಿನಲ್ಲಿ ಅಲೆ ಕಾಣದಿದ್ದರೆ ಅದು ಮೂಸೆಯ ಉಕ್ಕಲ್ಲವೆಂದು ಹೇಳುವಂತಿಲ್ಲ. ಅಲೆಯನ್ನು ನೋಡಲೆಂದು ಆಮ್ಲ ಸವರುವುದು ಸಂಗ್ರಾಹಕರ ಕೆಲಸವೂ ಅಲ್ಲ; ತಜ್ಞ ಸಂರಕ್ಷಕರಿಗೆ ಬಿಡಬೇಕು.

ತಿಕ್ಕುವ ಮೊದಲೇ ಅಲಗಿನ ಉದ್ದ, ಬುಡದ ಅಗಲ, ಬೆನ್ನಿನ ದಪ್ಪ, ತೂಕ, ಸಮತೋಲದ ಬಿಂದುವನ್ನು ಬರೆದು, ಓರೆ ಬೆಳಕಿನಲ್ಲಿ ಎರಡೂ ಮಗ್ಗುಲ ಚಿತ್ರ ತೆಗೆಯಬೇಕು. ಮನೆತನದ ಹೇಳಿಕೆಯನ್ನು ಪ್ರತ್ಯೇಕ ಕಾಲಂನಲ್ಲಿ, ಹೇಳಿದವರ ಮಾತಿನಲ್ಲೇ ದಾಖಲಿಸಬೇಕು. ನೂರು ವರ್ಷ ದಾಟಿದ ಕತ್ತಿ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಹಿಡಿಗೂ ಅಲಗಿಗೂ ಬೇರೆ ಬೇರೆ ಕಾಲ ಬಂದರೆ ಎರಡನ್ನೂ ನಮೂದಿಸಬೇಕು. ಸರಾಸರಿ ತೆಗೆದು ಒಂದು ಶತಮಾನ ಬರೆಯಬಾರದು.