ಕನ್ಯೆಯರ ಲಸಿಕೆಯೂ ತಾಯ್ತಂದೆಗಳ ಸಮ್ಮತಿಯೂ

ಔಷಧವನ್ನು ಕಂಡುಹಿಡಿಯುವುದು ಒಂದು ಸಾಹಸ. ಜನರು ಅದನ್ನು ನಂಬಿ ಸ್ವೀಕರಿಸುವಂತೆ ಮಾಡುವುದು ಬೇರೊಂದು ಸಾಹಸ. ಸಿಡುಬಿನ ಲಸಿಕೆಯು ಈ ದೇಶಕ್ಕೆ ಹೊಸದಾಗಿದ್ದಾಗ, 1806ರಲ್ಲಿ, ಮೈಸೂರಿನ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿಗೆ ಅದನ್ನು ಹಾಕಿಸಿದರು. ಅರಮನೆಯ ಹಿರಿಯರು ತಮ್ಮ ಮನೆಯ ಹೆಣ್ಣುಮಗಳಿಗೆ ಹಾಕಿಸಿದ್ದನ್ನು ಕಂಡು ಪ್ರಜೆಗಳೂ ಧೈರ್ಯಗೊಳ್ಳಲೆಂಬುದೇ ಇದರ ಉದ್ದೇಶ. ಇನ್ನೂರು ವರ್ಷಗಳ ತರುವಾಯ ಬಾಲಿಕೆಯರಿಗಾಗಿಯೇ ಮತ್ತೊಂದು ಲಸಿಕೆಯು ಬಂದಾಗ, ನಂಬಿಕೆಯ ಪ್ರಶ್ನೆಯು ಪುನಃ ತಲೆಯೆತ್ತಿತು.

ಸ್ತ್ರೀಯರ ಗರ್ಭಕಂಠದಲ್ಲಿ ಹುಟ್ಟುವ ಅರ್ಬುದರೋಗಕ್ಕೆ ಪ್ಯಾಪಿಲೋಮಾ ಎಂಬ ವೈರಾಣುವೇ ಮೂಲವೆಂದು ಜರ್ಮನಿಯ ಹರಾಲ್ಡ್ ಟ್ಸೂರ್ ಹೌಸೆನ್ ಎಂಬ ವಿದ್ವಾಂಸನು ಪ್ರತಿಪಾದಿಸಿದನು. 1983–84ರಲ್ಲಿ ಅವನ ತಂಡವು ಗುರುತಿಸಿದ 16 ಮತ್ತು 18ನೆಯ ಪ್ರಭೇದಗಳೇ ಈ ರೋಗದಲ್ಲಿ ನೂರಕ್ಕೆ ಸುಮಾರು 70ರಷ್ಟಕ್ಕೆ ಕಾರಣವೆಂದು ತಿಳಿದುಬಂದಿದೆ. 2006ರಲ್ಲಿ ಲಸಿಕೆಯು ಬಳಕೆಗೆ ಬಂದಿತು. 2008ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ಆದರೆ ಈ ಲಸಿಕೆಯ ಮಾರ್ಗದಲ್ಲಿ ವಿಶೇಷವಾದ ತೊಡಕುಗಳಿದ್ದವು. ವೈರಾಣುವು ದಾಂಪತ್ಯಸಂಬಂಧದಿಂದ ಹರಡತಕ್ಕದ್ದು. ಆದಕಾರಣ ಲಸಿಕೆಯನ್ನು ಅದಕ್ಕೆ ಬಹು ಮುಂಚೆ, 9ರಿಂದ 14ರ ವಯಸ್ಸಿನಲ್ಲಿಯೇ, ಹಾಕಬೇಕು. ಆಟವಾಡುವ ಮಗುವಿನ ವಿಷಯದಲ್ಲಿ ಇಂತಹ ಮಾತನ್ನು ಕೇಳಲು ತಾಯಿಯು ಸಂಕೋಚಪಡುವುದು ಸಹಜ. ರೋಗವು ತೋರುವುದೋ ದಶಕಗಳ ಬಳಿಕ. ಲಾಭವು ಕಣ್ಣಿಗೆ ಕಾಣದು, ಸೂಜಿಯ ನೋವು ಮಾತ್ರ ಕಾಣುವುದು. ಇವುಗಳ ಜತೆಗೆ ಬೆಲೆಯ ಭಾರವೂ ಇದ್ದಿತು.

2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರ ಜಿಲ್ಲೆಯಲ್ಲಿಯೂ ಪ್ರಾಯೋಗಿಕವಾಗಿ ಸಹಸ್ರಾರು ಬಾಲಿಕೆಯರಿಗೆ ಲಸಿಕೆಯನ್ನು ಹಾಕಲಾಯಿತು. ಅವರಲ್ಲಿ 7 ಮಂದಿ ಮೃತರಾದರೆಂಬ ವಾರ್ತೆಯು ಹಬ್ಬಲು, 2010ರ ಏಪ್ರಿಲ್ ತಿಂಗಳಲ್ಲಿ ಕಾರ್ಯವು ನಿಂತಿತು. ವಿಚಾರಣಾ ಸಮಿತಿಗೆ ಈ ಮರಣಗಳಿಗೆ ಲಸಿಕೆಯೇ ಕಾರಣವೆಂಬುದಕ್ಕೆ ಆಧಾರವು ಕಾಣಲಿಲ್ಲ. ಆದರೆ ಮತ್ತೊಂದು ದೋಷವು ಬಯಲಾಯಿತು: ಎಷ್ಟೋ ಸಮ್ಮತಿಪತ್ರಗಳಿಗೆ ತಾಯ್ತಂದೆಗಳ ಬದಲಾಗಿ ಮುಖ್ಯೋಪಾಧ್ಯಾಯರೂ ವಿದ್ಯಾರ್ಥಿನಿಲಯದ ಮೇಲ್ವಿಚಾರಕರೂ ರುಜು ಹಾಕಿದ್ದರು. ಗುರುವಿನ ಮೇಲೆ ಜನರಿಗಿರುವ ಗೌರವವು ದೊಡ್ಡದು, ನಿಜ. ಆದರೆ ಆ ಗೌರವವು ತಾಯಿಗೆ ತಿಳಿಯಹೇಳುವುದಕ್ಕೆ ಸಾಧನವೇ ಹೊರತು, ಅವಳನ್ನು ಕೇಳದೆ ಬಿಡುವುದಕ್ಕೆ ಅಧಿಕಾರಪತ್ರವಲ್ಲ. ಹೀಗೆ ಔಷಧದಲ್ಲಿ ಕಾಣದ ದೋಷವು ವಿಧಾನದಲ್ಲಿ ಕಂಡುಬಂದು, ಔಷಧಕ್ಕೇ ಅಪಕೀರ್ತಿಯು ತಗುಲಿತು.

ವಿದ್ಯೆಯೂ ಐಶ್ವರ್ಯವೂ ಇದ್ದರೆ ಇಂತಹ ಭೀತಿ ಉಂಟಾಗದೆಂದು ತಿಳಿಯಲಾಗದು. ಜಪಾನಿನಲ್ಲಿ ನೂರಕ್ಕೆ ಸುಮಾರು 70 ಬಾಲಿಕೆಯರು ಲಸಿಕೆಯನ್ನು ಪಡೆಯುತ್ತಿದ್ದರು. ಕೆಲವರಿಗೆ ನೋವು, ನಡುಕಗಳು ಬಂದುವೆಂದು ಪತ್ರಿಕೆಗಳು ಸಾರಲು, ಸರಕಾರವು 2013ರ ಜೂನ್ ತಿಂಗಳಲ್ಲಿ ಲಸಿಕೆಯನ್ನು ಶಿಫಾರಸು ಮಾಡುವುದನ್ನು ನಿಲ್ಲಿಸಿತು. ಲಸಿಕೆಯನ್ನು ನಿಷೇಧಿಸಲಿಲ್ಲ, ಸುಮ್ಮನಾಯಿತು, ಅಷ್ಟೇ. ಆ ಮೌನವೊಂದರಿಂದಲೇ ಸಂಖ್ಯೆಯು ನೂರಕ್ಕೆ 1ಕ್ಕಿಂತಲೂ ಕೆಳಗಿಳಿಯಿತು. ನಗೋಯಾ ನಗರದಲ್ಲಿ ನಡೆದ ಪರಿಶೀಲನೆಯಲ್ಲಿ ಲಸಿಕೆಗೂ ಆ ಲಕ್ಷಣಗಳಿಗೂ ಸಂಬಂಧವು ಕಂಡುಬರಲಿಲ್ಲವಾದರೂ, ಶಿಫಾರಸು ಮರಳಿ ಆರಂಭವಾದುದು 2022ರಲ್ಲಿ.

ಇದಕ್ಕೆ ಪ್ರತಿಯಾಗಿ ಸಿಕ್ಕಿಮ್ ರಾಜ್ಯದ ದೃಷ್ಟಾಂತವಿದೆ. ಅಲ್ಲಿ 2018ರಲ್ಲಿ 9ರಿಂದ 14 ವರ್ಷದ ಸುಮಾರು 25,000 ಬಾಲಿಕೆಯರಿಗೆ ಉಚಿತವಾಗಿ ಲಸಿಕೆಯನ್ನು ಹಾಕುವುದಕ್ಕೆ ಮೊದಲೇ ಉಪಾಧ್ಯಾಯರಿಗೂ ತಾಯ್ತಂದೆಗಳಿಗೂ ಪತ್ರಿಕೆಯವರಿಗೂ ವಿಷಯವನ್ನು ತಿಳಿಸಲಾಯಿತು. ಸಂಶಯಗಳು ಏಳುವ ಮುನ್ನವೇ ಉತ್ತರಗಳು ಸಿದ್ಧವಾಗಿದ್ದುವು. ನೂರಕ್ಕೆ 95ಕ್ಕೂ ಮಿಕ್ಕ ಬಾಲಿಕೆಯರು ಲಸಿಕೆಯನ್ನು ಪಡೆದರು. ಪಾಠಶಾಲೆಯೇ ಖಮ್ಮಂನಲ್ಲಿಯೂ ದ್ವಾರ, ಸಿಕ್ಕಿಮ್‌ನಲ್ಲಿಯೂ ದ್ವಾರ. ಭೇದವಿದ್ದುದು ಒಳಹೊಕ್ಕ ರೀತಿಯಲ್ಲಿ.

2022ರಲ್ಲಿ ಪುಣೆಯಲ್ಲಿ ತಯಾರಾದ ದೇಶೀಯ ಲಸಿಕೆಗೆ ಅನುಮತಿಯು ದೊರೆಯಿತು. ಎಳೆಯರಿಗೆ ಒಂದೇ ಸಲ ಹಾಕಿದರೂ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಅದೇ ವರ್ಷ ತಿಳಿಸಿತು. ಬೆಲೆಯ ತೊಡಕನ್ನೂ ಎಣಿಕೆಯ ತೊಡಕನ್ನೂ ಶಾಸ್ತ್ರವು ಹೀಗೆ ಸಡಿಲಿಸುತ್ತ ಬಂದಿದೆ. ತಾಯಿಯ ಎದುರು ಕುಳಿತು, ಅವಳ ಪ್ರಶ್ನೆಗೆ ಬೇಸರಿಸದೆ ಉತ್ತರ ಹೇಳುವ ಕೆಲಸವನ್ನು ಮಾತ್ರ ಮನುಷ್ಯರೇ ಮಾಡಬೇಕು.