ಹೋಮ್ ಥಿಯೇಟರ್: ಸಬ್‌ವೂಫರ್ ಜೋಡಣೆ ಮತ್ತು ಧ್ವನಿ ಹೊಂದಾಣಿಕೆ

ದೆಹಲಿ ಅಭಿವೃದ್ಧಿ ಪ್ರಾಧಿಕಾರವು 1981ರಲ್ಲಿ ಪ್ರಕಟಿಸಿದ ವಸತಿ ಯೋಜನೆಯಿಂದ ಬೆಳೆದ ಬಡಾವಣೆ ರೋಹಿಣಿ. ಇಲ್ಲಿನ ಫ್ಲಾಟುಗಳಲ್ಲಿ ಒಬ್ಬರ ನೆಲವೇ ಇನ್ನೊಬ್ಬರ ಸೂರು. ಇಂತಹ ಮನೆಯಲ್ಲಿ ಹೋಮ್ ಥಿಯೇಟರ್ ಅಳವಡಿಸುವವರು ಎರಡು ಸಂಗತಿಗಳನ್ನು ಗಮನಿಸಬೇಕು: ಚಿತ್ರದ ಮಾತು ಸ್ಪಷ್ಟವಾಗಿ ಕೇಳಬೇಕು, ನೆರೆಯವರ ನೆಮ್ಮದಿ ಕೆಡಬಾರದು.

ಸ್ಪೀಕರುಗಳ ಸ್ಥಾನ: 5.1 ವ್ಯವಸ್ಥೆಯಲ್ಲಿ ಐದು ಸ್ಪೀಕರುಗಳೂ ಒಂದು ಸಬ್‌ವೂಫರೂ ಇರುತ್ತವೆ. ಕುಳಿತವರಿಂದ ನೋಡಿದಾಗ ಮುಂದಿನ ಎಡ-ಬಲ ಸ್ಪೀಕರುಗಳು ನಡುರೇಖೆಯಿಂದ ಸುಮಾರು 30 ಡಿಗ್ರಿ ಕೋನದಲ್ಲಿಯೂ, ಸರೌಂಡ್ ಸ್ಪೀಕರುಗಳು 110 ಡಿಗ್ರಿ ಆಸುಪಾಸಿನಲ್ಲಿಯೂ ಇರಬೇಕು. ಸಂಭಾಷಣೆಯ ಬಹುಭಾಗ ಸೆಂಟರ್ ಸ್ಪೀಕರಿನಿಂದ ಬರುತ್ತದೆ. ಅದನ್ನು ಟಿ.ವಿ. ಕೆಳಗಿನ ಕಪಾಟಿನೊಳಗೆ ಹುದುಗಿಸಿದರೆ ಮಾತು ಮಂಕಾಗುತ್ತದೆ. ಕಪಾಟಿನ ಅಂಚಿಗೆ ತಂದು, ಕಿವಿಯತ್ತ ತುಸು ಓರೆಯಾಗಿಸಿ ಇಡಿ. ಕನ್ನಡವನ್ನು ಮನೆಯಲ್ಲಿ ಮಾತ್ರ ಕೇಳಿ ಬೆಳೆಯುವ ಮಕ್ಕಳಿಗೆ ಈ ಒಂದು ಬದಲಾವಣೆಯೇ ದೊಡ್ಡ ಉಪಕಾರ.

ಸಬ್‌ವೂಫರ್: 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದನ್ನು ಕಿವಿ ಸುಲಭವಾಗಿ ಗುರುತಿಸಲಾರದು. ಆದ್ದರಿಂದ ಅದನ್ನಿಡುವ ಜಾಗದಲ್ಲಿ ಸ್ವಾತಂತ್ರ್ಯವಿದೆ. ಆದರೆ ಕೋಣೆಯ ಅಳತೆ ತನ್ನ ಪ್ರಭಾವ ತೋರಿಸುತ್ತದೆ. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್; 4 ಮೀಟರ್ ಉದ್ದದ ಕೋಣೆ ಸುಮಾರು 43 ಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ಹೀಗಾಗಿ ಒಂದೆಡೆ ಅಬ್ಬರವೂ ಮತ್ತೊಂದೆಡೆ ಮೌನವೂ ಉಂಟಾಗುತ್ತದೆ. ಇದಕ್ಕೆ ಸರಳ ಉಪಾಯವುಂಟು. ಸಬ್‌ವೂಫರನ್ನು ತಾವು ಕೂರುವ ಸ್ಥಳದಲ್ಲಿಟ್ಟು, ಮೃದಂಗದ ಎಡಭಾಗದ ನಾದ ಚೆನ್ನಾಗಿರುವ ಧ್ವನಿಮುದ್ರಣವನ್ನು ನುಡಿಸಿ, ಗೋಡೆಯಂಚಿನಲ್ಲಿ ಬಾಗಿ ನಡೆಯುತ್ತ ಕೇಳಿ. ಪ್ರತಿಯೊಂದು ಪೆಟ್ಟೂ ಸಮನಾಗಿ ಕೇಳುವ ಜಾಗವೇ ಅದಕ್ಕೆ ಯೋಗ್ಯವಾದುದು. ಮೂಲೆಯಲ್ಲಿ ಧ್ವನಿ ಹೆಚ್ಚುತ್ತದೆ, ಆದರೆ ಗುಡುಗೂ ಹೆಚ್ಚುತ್ತದೆ.

ಹೊಂದಾಣಿಕೆಯ ಕ್ರಮ:
1. ರಿಸೀವರಿನಲ್ಲಿ ಚಿಕ್ಕ ಸ್ಪೀಕರುಗಳನ್ನು ‘ಸ್ಮಾಲ್’ ಎಂದೂ, ಕ್ರಾಸ್‌ಓವರನ್ನು 80 ಹರ್ಟ್ಸ್ ಎಂದೂ ನಿಗದಿಪಡಿಸಿ. ತೀರ ಸಣ್ಣ ಸ್ಪೀಕರುಗಳಿಗೆ 100ರಿಂದ 120. ಸಬ್‌ವೂಫರಿನದೇ ಕ್ರಾಸ್‌ಓವರ್ ಗುಂಡಿಯನ್ನು ಗರಿಷ್ಠದಲ್ಲಿಡಿ. ಇಲ್ಲವಾದರೆ ಎರಡು ಸೋಸುವಿಕೆಗಳು ಒಂದರ ಮೇಲೊಂದು ಬೀಳುತ್ತವೆ.
2. ಪ್ರತಿ ಸ್ಪೀಕರಿನಿಂದ ಆಸನಕ್ಕಿರುವ ದೂರವನ್ನು ಟೇಪಿನಿಂದ ಅಳೆದು ನಮೂದಿಸಿ. ಒಂದು ಮೀಟರಿನ ವ್ಯತ್ಯಾಸ ಸುಮಾರು 3 ಮಿಲಿಸೆಕೆಂಡಿಗೆ ಸಮ.
3. ಧ್ವನಿಮಾಪಕವನ್ನು ‘ಸಿ’ ಮಾಪನ, ನಿಧಾನ ಗತಿಯಲ್ಲಿಟ್ಟು, ಪರೀಕ್ಷಾಧ್ವನಿ ನುಡಿಸಿ, ಎಲ್ಲ ಸ್ಪೀಕರುಗಳನ್ನೂ 75 ಡೆಸಿಬಲ್‌ಗೆ ಸಮಗೊಳಿಸಿ. ಇದನ್ನು ಹಗಲಿನಲ್ಲಿಯೇ ಮುಗಿಸಿ.
4. ಫೇಸ್ ಸ್ವಿಚ್ಚನ್ನು 0 ಮತ್ತು 180ರಲ್ಲಿ ಬದಲಿಸಿ, ಆಸನದಲ್ಲಿ ತಗ್ಗುಧ್ವನಿ ತುಂಬಿ ಕೇಳುವ ಸ್ಥಾನದಲ್ಲಿ ಬಿಡಿ.

ನೆರೆಹೊರೆ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡಿಬಿ(ಎ). ಖಾಸಗಿ ಧ್ವನಿವ್ಯವಸ್ಥೆಯ ಶಬ್ದ ಮನೆಯ ಎಲ್ಲೆಯಲ್ಲಿ ಇದನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರಕೂಡದು. ಆದರೆ ‘ಎ’ ಮಾಪನವು 50 ಹರ್ಟ್ಸ್ ಧ್ವನಿಯನ್ನು ಸುಮಾರು 30 ಡೆಸಿಬಲ್ ಕಡಿಮೆಯಾಗಿ ಎಣಿಸುತ್ತದೆ. ಮಾಪಕ ಒಪ್ಪಿದರೂ ಪಕ್ಕದ ಮನೆಯಲ್ಲಿ ಮಲಗಿರುವ ವೃದ್ಧರ ಮಂಚ ಕಂಪಿಸುತ್ತಿರಬಹುದು. ಜಮಖಾನೆಯೂ ಪರದೆಯೂ ಎತ್ತರದ ಧ್ವನಿಯನ್ನು ಹೀರುತ್ತವೆಯೇ ಹೊರತು ಈ ಕಂಪನವನ್ನಲ್ಲ. ಸಬ್‌ವೂಫರನ್ನು ಸಾಮಾನ್ಯ ಗೋಡೆಯಿಂದ ದೂರವಿರಿಸಿ, ಕೆಳಗೆ ದಪ್ಪ ರಬ್ಬರ್ ಹಾಸನ್ನು ಹಾಕುವುದು ನೆಲಕ್ಕೆ ನೇರವಾಗಿ ಇಳಿಯುವ ಕಂಪನವನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ. ರಾತ್ರಿ ‘ನೈಟ್ ಮೋಡ್’ ಬಳಸಿ, ಸಬ್‌ವೂಫರಿನ ಮಟ್ಟವನ್ನು ಇಳಿಸಿ.

ಎಲ್ಲವೂ ಮುಗಿದ ಮೇಲೆ ಒಮ್ಮೆ ನೆರೆಯವರ ಬಾಗಿಲು ತಟ್ಟಿ, ಅವರ ಮನೆಯಲ್ಲಿ ಕುಳಿತು ತಮ್ಮ ಚಿತ್ರವನ್ನು ಕೇಳಿಬನ್ನಿ. ಯಾವ ಮಾಪಕವೂ ತಿಳಿಸದ ಸತ್ಯ ಅಲ್ಲಿ ತಿಳಿಯುತ್ತದೆ.